ನಮ್ಮ ಬಸ್ಸೇ ಹತ್ತೂಕಾಲಿಗೆ ಬರೋದು ಸರ್

ಮಂಗಳವಾರದಿಂದ ಈ ಒಂದು ಮಾತು ಕಿವಿಯಲ್ಲೇ ಉಳಿದುಬಿಟ್ಟಿದೆ.

ಸಂಜೆ ನಾಲ್ಕೂವರೆ. ಲೈಬ್ರರಿ ಕೌಂಟರ್ ಮುಂದೆ ನಾಲ್ಕೈದು ಜನ. ಬಿ.ಎ. ಕೊನೆಯ ವರ್ಷದ ನನ್ನ ವಿದ್ಯಾರ್ಥಿನಿ ಅರ್ಥಶಾಸ್ತ್ರದ ರೆಫರೆನ್ಸ್ ಪುಸ್ತಕ ಹಿಡಿದು ನಿಂತಿದ್ದಳು.

"ಒಂದು ರಾತ್ರಿಗೆ ಮಾತ್ರ. ಬೆಳಿಗ್ಗೆ ಒಂಬತ್ತೂವರೆಗೆ ವಾಪಸ್ ಬರಬೇಕು" ಎಂದರು ಲೈಬ್ರರಿಯನ್.

"ನಮ್ಮ ಬಸ್ಸೇ ಹತ್ತೂಕಾಲಿಗೆ ಬರೋದು ಸರ್."

"ಹಾಗಾದ್ರೆ ಇಲ್ಲೇ ಕೂತು ಓದಮ್ಮ."

ಊರಿಗೆ ಹೋಗುವ ಬಸ್ಸು ನಾಲ್ಕೂಮುಕ್ಕಾಲಿಗೆ. ಅವಳು ವಾದ ಮಾಡಲಿಲ್ಲ. ಪುಸ್ತಕವನ್ನು ಮೆಲ್ಲಗೆ ಕೌಂಟರ್ ಮೇಲಿಟ್ಟು ಹೊರಟುಹೋದಳು.

ಆ ಪುಸ್ತಕವನ್ನು ಹೆಚ್ಚು ದಿನಕ್ಕೆ ಕೊಡಬೇಡಿ, ಒಂದೊಂದು ರಾತ್ರಿಗಷ್ಟೇ ಕೊಡಿ ಎಂದು ಜೂನ್‌ನಲ್ಲಿ ಕೇಳಿಕೊಂಡವನು ನಾನೇ. ಇರುವುದು 2 ಪ್ರತಿ, ತರಗತಿಯಲ್ಲಿ 58 ಜನ. ಒಬ್ಬರೇ ಹದಿನೈದು ದಿನ ಇಟ್ಟುಕೊಂಡರೆ ಉಳಿದವರಿಗೆ ಸಿಗುವುದಿಲ್ಲ, ಅಲ್ವಾ? ಎಲ್ಲರಿಗೂ ಸಿಗಲಿ ಎಂದೇ ಮಾಡಿದ ನಿಯಮ. ಆದರೆ ಅದು ಸಿಗುತ್ತಿರುವುದು ಹಾಸ್ಟೆಲ್‌ನವರಿಗೆ ಮತ್ತು ಪೇಟೆಯಲ್ಲಿ ಮನೆ ಇರುವವರಿಗೆ. ಹಾಸ್ಟೆಲ್ ಹುಡುಗರು ಸರದಿಯಲ್ಲಿ ತಮ್ಮತಮ್ಮ ಹೆಸರಿಗೆ ಬರೆಸಿ, ವಾರವಿಡೀ ಒಂದೇ ರೂಮಿನಲ್ಲಿ ಪುಸ್ತಕ ಇಟ್ಟುಕೊಂಡಿದ್ದೂ ಇದೆ. ಅವರ ಮೇಲೆ ನನಗೆ ಸಿಟ್ಟು ಬಂತು. ನಿಯಮದ ಪ್ರಕಾರ ಅವರ ತಪ್ಪೇನೂ ಇಲ್ಲ.

ಲೈಬ್ರರಿಯನ್ ಕೂಡ ಕೆಟ್ಟವರಲ್ಲ. ಸ್ಟಾಕ್ ವೆರಿಫಿಕೇಶನ್‌ನಲ್ಲಿ ಪುಸ್ತಕ ಕಡಿಮೆ ಬಂದರೆ ಉತ್ತರ ಕೊಡಬೇಕಾದವರು ಅವರು. ಹರಿದ ಪುಸ್ತಕಕ್ಕೆ ಮನೆಯಿಂದ ಗೋಂದು ತಂದು ಅಂಟಿಸುವುದನ್ನು ನಾನೇ ನೋಡಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಮೊದಲ ಪೀರಿಯಡ್‌ಗೆ ತಡವಾಗಿ ಬರುತ್ತಾಳೆ ಎಂದು ಆ ಹುಡುಗಿಯನ್ನು ಎರಡು ಸಲ ಗದರಿದ್ದೆ. ಆಗಲೂ ಅವಳು ಸುಮ್ನೆ ನಿಂತಿದ್ದಳು. ಯಾಕೆ ತಡ ಎಂದು ನಾನು ಕೇಳಿರಲೇ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ಖರ್ಚು ತಪ್ಪಿದೆ, ಅದು ದೊಡ್ಡ ವಿಷಯವೇ. ಆದರೆ ಬೆಳಿಗ್ಗೆ ಅವಳ ಊರಿಗೆ ಬರುವುದು ಒಂದೇ ಬಸ್ಸು.

"ಆನ್‌ಲೈನ್‌ನಲ್ಲಿ ಎಲ್ಲಾ ಇದೆಯಲ್ಲ" ಎಂದರು ಸ್ಟಾಫ್ ರೂಮಿನಲ್ಲಿ ಒಬ್ಬರು. ಇದೆ. ಗುಜರಾತಿನ ಗಾಂಧಿನಗರದ ಇನ್ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗಾಗಿ ನಡೆಸುವ ಆನ್‌ಲೈನ್ ಲೈಬ್ರರಿ ಎನ್-ಲಿಸ್ಟ್‌ಗೆ ನಮ್ಮ ಕಾಲೇಜು ಸದಸ್ಯ. ಸಾವಿರಾರು ಇ-ಜರ್ನಲ್ಲುಗಳು, ಲಕ್ಷಗಟ್ಟಲೆ ಇ-ಪುಸ್ತಕಗಳು. ಬುಧವಾರ ಅವಳನ್ನು ಕರೆದು ಕೇಳಿದೆ. ಲಾಗಿನ್ ವಿವರ ಹೋಗಿರುವುದು ಅಡ್ಮಿಷನ್ ಸಮಯದಲ್ಲಿ ಸೈಬರ್ ಸೆಂಟರ್‌ನವರು ಮಾಡಿಕೊಟ್ಟ ಇಮೇಲ್‌ಗೆ. ಅದರ ಪಾಸ್‌ವರ್ಡ್ ಅವಳಿಗೆ ಗೊತ್ತಿಲ್ಲ. ಮನೆಯಲ್ಲಿರುವ ಒಂದು ಸ್ಮಾರ್ಟ್‌ಫೋನ್ ಅಣ್ಣನ ಕೈಯಲ್ಲಿ. ಅದೆಲ್ಲ ಸರಿಹೋದರೂ ಅಲ್ಲಿರುವ ಪುಸ್ತಕಗಳು ಹೆಚ್ಚಿನವು ಇಂಗ್ಲಿಷಿನವು. ಇವಳು ಕನ್ನಡ ಮಾಧ್ಯಮ. ನಮ್ಮ ಆ ಕನ್ನಡ ಪುಸ್ತಕ ಅಲ್ಲಿಲ್ಲ.

ಆಗ ದೆಹಲಿಯ ಜೆರಾಕ್ಸ್ ಕೇಸು ನೆನಪಾಯಿತು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ಅಂಗಡಿಯೊಂದು ಪಠ್ಯಕ್ಕೆ ಬೇಕಾದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಕೊಡುತ್ತಿತ್ತು. 2012ರಲ್ಲಿ ದೊಡ್ಡ ಪ್ರಕಾಶಕರು ಕೋರ್ಟಿಗೆ ಹೋದರು. ಪಾಠಕ್ಕೆಂದು ಹಾಗೆ ಪ್ರತಿ ಮಾಡುವುದಕ್ಕೆ ಕಾನೂನಿನಲ್ಲೇ ಅವಕಾಶವಿದೆ ಎಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆ ತೀರ್ಪನ್ನು ಓದಿದ್ದೆ, ಖುಷಿಯೂ ಪಟ್ಟಿದ್ದೆ. ನನ್ನ ತರಗತಿಗೆ ಅದನ್ನು ಬಳಸಿಕೊಳ್ಳಬಹುದು ಎಂದು ಇಷ್ಟು ವರ್ಷ ಹೊಳೆಯಲಿಲ್ಲ.

ಗುರುವಾರ ಎರಡು ಅಧ್ಯಾಯ, 34 ಪುಟ, ಜೆರಾಕ್ಸ್ ಮಾಡಿಸಿದೆ. ಬಸ್ಸಿನಲ್ಲಿ ಬರುವವರಿಗೆ ಹನ್ನೊಂದರವರೆಗೆ ಸಮಯ ಕೊಡಿ, ಶನಿವಾರ ಒಯ್ದವರು ಸೋಮವಾರ ತರಲಿ ಎಂದು ಲೈಬ್ರರಿಯನ್‌ಗೆ ಹೇಳಿದೆ. "ಬರೆದು ಕೊಡಿ, ಪ್ರಿನ್ಸಿಪಾಲರ ಸಹಿ ಇರಲಿ" ಎಂದರು. ಬರೆದು ಕೊಟ್ಟಿದ್ದೇನೆ. ಸಹಿ ಇನ್ನೂ ಆಗಿಲ್ಲ.

ನಿನ್ನೆ ಜೆರಾಕ್ಸ್ ಪ್ರತಿಯನ್ನು ಅವಳ ಕೈಗೆ ಕೊಟ್ಟೆ. ಪುಟ ತಿರುವಿ ನೋಡಿದಳು.

"ಸರ್, ಇದನ್ನ ಯಾವತ್ತು ವಾಪಸ್ ಕೊಡಬೇಕು?"

"ಕೊಡಬೇಕಾಗಿಲ್ಲಮ್ಮ, ನೀನೇ ಇಟ್ಕೋ" ಎಂದೆ. ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡ್ ಕಡೆ ಓಡಿದಳು.