ಬ್ಲೂಟೂತ್‌ಗೆ ಹಲ್ಲು ಎಲ್ಲಿಂದ ಬಂತು?

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಇಯರ್‌ಬಡ್ ಕೊಳ್ಳಲು ಬಂದ ಹುಡುಗರು, ನಾನು ಅದನ್ನು ಫೋನಿಗೆ ಜೋಡಿಸುವಷ್ಟರಲ್ಲಿ ಕೇಳಿಯೇ ಕೇಳುತ್ತಾರೆ: "ಅಣ್ಣಾ, ಇದಕ್ಕ ನೀಲಿ ಹಲ್ಲು ಅಂತ ಯಾಕ ಹೆಸರಿಟ್ಟಾರ?"

ಅದು ಒಬ್ಬ ರಾಜನ ಅಡ್ಡಹೆಸರು ಕಣ್ರಪ್ಪಾ.

ಅಡ್ಡಹೆಸರು ಅಂದರೆ ನಮ್ಮ ಕಡೆ ಬಿಡಿಸಿ ಹೇಳಬೇಕಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಲ್ಲ ಆಧಾರ್ ಕಾರ್ಡಿನಲ್ಲೇ ಇರುತ್ತವೆ. 10ನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್‌ಗೂ ಅಂಥದ್ದೊಂದು ಅಂಟಿಕೊಂಡಿತು: ನೀಲಿಹಲ್ಲ. ಒಂದು ಹಲ್ಲು ಸತ್ತು ಬಣ್ಣಗೆಟ್ಟಿತ್ತು ಎನ್ನುವವರೇ ಜಾಸ್ತಿ. ಅವರ ಹಳೆಯ ಭಾಷೆಯಲ್ಲಿ ನೀಲಿಯ ಪದ ಕಡುಗಪ್ಪಿಗೂ ನಡೆಯುತ್ತಿತ್ತು. "ನೇರಳೆಹಣ್ಣು ತಿಂದಿರಬೇಕು ಬಿಡೋ ತಮ್ಮಾ" ಎಂದರು ಚಾರ್ಜರ್ ಕೊಳ್ಳಲು ಬಂದಿದ್ದ ಅಜ್ಜ.

ಡೆನ್ಮಾರ್ಕಿನ ಯೆಲ್ಲಿಂಗ್ ಊರಲ್ಲಿ ಹೆರಾಲ್ಡ್ ನಿಲ್ಲಿಸಿದ ಕಲ್ಲು ಇಂದಿಗೂ ಇದೆ. ಡೆನ್ಮಾರ್ಕ್, ನಾರ್ವೆ ಎರಡನ್ನೂ ಗೆದ್ದೆ ಎಂದು ಅದರಲ್ಲಿ ಕೊಚ್ಚಿಕೊಂಡಿದ್ದಾನೆ. ಹಲ್ಲಿನ ಸುದ್ದಿ ಮಾತ್ರ ಇಲ್ಲ! ನಮ್ಮ ಬಾದಾಮಿಯ ಅರಭಟ್ಟ ವಾಸಿ. ಬಂಡೆಯ ಮೇಲೆ ಕಪ್ಪೆ ಅರಭಟ್ಟ ಎಂದೇ ಕೆತ್ತಿದೆ.

ಈ ಹಲ್ಲು ಫೋನಿಗೆ ಬಂದದ್ದು ಸುಮಾರು ಸಾವಿರ ವರ್ಷದ ಮೇಲೆ. ಇಂಟೆಲ್, ಎರಿಕ್ಸನ್, ನೋಕಿಯಾ ಸೇರಿ ತಂತಿಯಿಲ್ಲದೆ ಹತ್ತಿರದ ಯಂತ್ರಗಳನ್ನು ಜೋಡಿಸಲು ಹೊರಟಿದ್ದವು. ಇಂಟೆಲ್‌ನ ಜಿಮ್ ಕಾರ್ಡಾಕ್, ಎರಿಕ್ಸನ್‌ನ ಸ್ವೆನ್ ಮ್ಯಾಟಿಸನ್ ಒಂದು ಸಂಜೆ ಟೊರೊಂಟೊದಲ್ಲಿ ಕುಡಿಯುತ್ತಾ ಇತಿಹಾಸ ಹರಟಿದರು. ಹೆರಾಲ್ಡ್ ಕಾರ್ಡಾಕ್ ತಲೆಯಲ್ಲಿ ಕೂತ. ಅವನು ನಾಡುಗಳನ್ನು ಕೂಡಿಸಿದ, ನಾವು ಕಂಪ್ಯೂಟರ್ ಮತ್ತು ಫೋನನ್ನು ಕೂಡಿಸೋಣ ಎಂಬುದು ಲೆಕ್ಕ. 1997ರಲ್ಲಿ ಆ ಹೆಸರು ಸೂಚಿಸಿದರು, ಅದೂ ತಾತ್ಕಾಲಿಕವಾಗಿ.

ಪಕ್ಕಾ ಹೆಸರು ಬೇರೆ ಇಡುವವರಿದ್ದರು. "ಪ್ಯಾನ್" (ಪರ್ಸನಲ್ ಏರಿಯಾ ನೆಟ್‌ವರ್ಕಿಂಗ್ ಎಂಬುದರ ಚಿಕ್ಕರೂಪ) ಅಂತರ್ಜಾಲದಲ್ಲಿ ಆಗಲೇ ಎಲ್ಲೆಲ್ಲೂ ಬಳಕೆಯಲ್ಲಿತ್ತು, ಟ್ರೇಡ್‌ಮಾರ್ಕ್ ಸಿಗುವಂತಿರಲಿಲ್ಲ. "ರೇಡಿಯೋವೈರ್" ಎಂಬುದರ ತಪಾಸಣೆ ಹೊತ್ತಿಗೆ ಮುಗಿಯಲಿಲ್ಲ. ಸುಮ್ನೆ ಕರೆಯುತ್ತಿದ್ದ ಹೆಸರೇ 1998ರಲ್ಲಿ ಹೊರಬಿತ್ತು. ತೊಟ್ಟಿಲಲ್ಲಿ ಪುಟ್ಯಾ ಎಂದದ್ದು ಶಾಲೆಯ ದಾಖಲೆಗೂ ಹೋದ ಹಾಗೆ, ಅಲ್ವಾ?

ಫೋನಿನಲ್ಲಿ ಕಾಣುವ ಗುರುತೂ ಇಂಗ್ಲಿಷಿನ ಬಿ ಅಲ್ಲ. ಹೆರಾಲ್ಡನ ಕಲ್ಲಿನ ಮೇಲಿರುವಂಥ ರೂನ್ ಎಂಬ ಹಳೆಯ ಲಿಪಿಯಲ್ಲಿ ಅವನ ಹೆಸರು, ಅಡ್ಡಹೆಸರು ಎರಡರ ಮೊದಲ ಅಕ್ಷರಗಳನ್ನು, ಹಗಲ್ (ಹ) ಮತ್ತು ಬ್ಯಾರ್ಕನ್ (ಬ), ಒಂದರ ಮೇಲೊಂದು ಕೂಡಿಸಿದ್ದಾರೆ.

ಇಷ್ಟು ಹೇಳುವಷ್ಟರಲ್ಲಿ ಇಯರ್‌ಬಡ್ ಜೋಡಿಯಾಗಿರುತ್ತದೆ. ಪಟ್ಟಿಯಲ್ಲಿ ಸುತ್ತಲಿನ ಹುಡುಗರ ಫೋನುಗಳ ಹೆಸರೂ ಕಾಣುತ್ತವೆ: ಹುಲಿ, ಬಾಸ್, ಡಾನ್. ಅಪ್ಪ-ಅವ್ವ ಇಟ್ಟ ಹೆಸರು ಒಂದೂ ಇಲ್ಲ.