ಕೋಟೆಯ ಮಣ್ಣಿನ ರುಚಿ

ಕಳೆದ ತಿಂಗಳು ಬೀದರಿಗೆ ಹೋಗಿದ್ದೆ. ಅಕ್ಕನ ಗೃಹಪ್ರವೇಶಕ್ಕೆ ಒಂದು ಬಿದ್ರಿ ಹೂದಾನಿ ಬೇಕಿತ್ತು. ತಗೊಂಡು ಬಸ್ ಹತ್ತಬೇಕಾದವನು ಅದನ್ನು ಮಾಡುವ ಉಸ್ತಾದರ ಕೆಲಸ ನೋಡುತ್ತಾ ಮಧ್ಯಾಹ್ನದವರೆಗೂ ಅಲ್ಲೇ ಕೂತುಬಿಟ್ಟೆ.

ಬಿದ್ರಿ ಪಾತ್ರೆ ಸತುವಿನದು, ಜೊತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದು, ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿದರೆ ಸದ್ಯಕ್ಕೆ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಬಳ್ಳಿ, ಹೂವು ಬರೆದು, ಉಳಿಯಲ್ಲಿ ಕೊರೆದು, ಒಂದೊಂದು ಗೆರೆಗೂ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾರೆ. ಇಷ್ಟೆಲ್ಲ ಆದ ಮೇಲೆ ಮತ್ತೆ ಉಜ್ಜುತ್ತಾರೆ ನೋಡಿ, ಆಗ ಕಪ್ಪೆಲ್ಲ ಹೋಗಿ ಸತುವೂ ಬಿಳಿ, ಬೆಳ್ಳಿಯೂ ಬಿಳಿ. ದಿನಗಟ್ಟಲೆ ಮಾಡಿದ ಕೆಲಸ ಕಣ್ಣಿಗೇ ಬೀಳುವುದಿಲ್ಲ.

ಕೊನೆಗೆ ಬರುವುದು ಹಳೇ ಕೋಟೆಯ ಮಣ್ಣು. ಬಿಸಿಲು, ಮಳೆ ತಾಗದ ಜಾಗದ್ದೇ ಆಗಬೇಕು. ಅದನ್ನು ನವಸಾಗರ ಅನ್ನುವ ಲವಣದ ಜೊತೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಸತು ಕಡುಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಹೂವು ಎದ್ದು ಕಾಣುತ್ತದೆ. ಮಣ್ಣು ಸರಿ ಇದೆ ಅಂತ ಮೊದಲೇ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಉಸ್ತಾದರು ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡು ತೋರಿಸಿದರು.

ನಮ್ಮಂಥ ಸ್ಟಾರ್ಟಪ್‌ನವರೂ ಇಂಥ ಕುಶಲಕರ್ಮಿಗಳೂ ರಿಸ್ಕ್ ತಗೊಳ್ಳುವವರು, ಅದಕ್ಕೇ ಒಂದೇ ಥರ ಅಂತಾರೆ. ರಿಸ್ಕ್ ರೈತರೂ ತಗೊಳ್ಳುತ್ತಾರೆ ಅಲ್ವಾ? ನನಗೆ ಒಂದೇ ಥರ ಅನಿಸಿದ್ದು ಮಾಡಿದ ಕೆಲಸ ಏನೂ ಕಾಣದ ಆ ಹೊತ್ತು. ಬಿದ್ರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು 2023ರಲ್ಲಿ, ದಶಕಗಟ್ಟಲೆ ದುಡಿದ ಮೇಲೆ. ಅಷ್ಟು ದಿನ ಕೈ ನಿಲ್ಲದೆ ಇರಬೇಕಾದರೆ ಮಣ್ಣಿನ ರುಚಿ ಗೊತ್ತಿರಬೇಕು.

ನಮಗೆ ಗೊತ್ತಿರಲಿಲ್ಲ. ನಾವು ಮೂವರು ಕಿರಾಣಿ ಅಂಗಡಿಗಳ ಉದ್ರಿ ಲೆಕ್ಕಕ್ಕೆ ಒಂದು ಆಪ್ ಮಾಡುತ್ತಿದ್ದೇವೆ. ಗಿರಾಕಿಯ ಮೊಬೈಲ್ ನಂಬರ್ ಹಾಕದೆ ಖಾತೆ ತೆರೆಯಲು ಆಗದ ಹಾಗೆ ಮಾಡಿದ್ದೆವು. ಆರು ತಿಂಗಳ ಕೆಲಸ, ಒಬ್ಬರೂ ಬಳಸಲಿಲ್ಲ. ಬೀದರಿನಿಂದ ಬಂದ ಮೇಲೆ ಒಂದು ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಸುಮ್ನೆ ಕೂತೆ. ಉದ್ರಿ ಪುಸ್ತಕದಲ್ಲಿ ಇದ್ದದ್ದು 'ಮೂಲೆ ಮನೆ ಅಜ್ಜಿ', 'ಇಸ್ತ್ರಿ ಅಣ್ಣ', 'ಮೇಲಿನ ಮನೆ ಟೀಚರ್'. ನಂಬರ್ ಒಬ್ಬರದ್ದೂ ಇಲ್ಲ.

ಅವತ್ತೇ ರಾತ್ರಿ ಆಪ್‌ನಿಂದ ಆ ನಂಬರ್ ಕಡ್ಡಾಯ ತೆಗೆದೆವು. ನಾಳೆ ಯಶವಂತಪುರದ ಇನ್ನೊಂದು ಅಂಗಡಿಗೆ ಹೋಗುತ್ತೇವೆ. ಬೆಳಗ್ಗೆ ಆರೂವರೆಗೆ ಹಾಲಿನ ಗಿರಾಕಿಗಳು ಬರುತ್ತಾರಂತೆ, ಉದ್ರಿ ಜಾಸ್ತಿ ಬರೆಯುವುದು ಆಗಲೇ.