ಲಿಂಫೋಸೈಟ್ 9 ಪರ್ಸೆಂಟ್

12 ಫೆಬ್ರುವರಿ 2025, ಬುಧವಾರ
ಹುಬ್ಬಳ್ಳಿ

ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ ಲ್ಯಾಬಿನಲ್ಲಿ ರಕ್ತಕಣ ಎಣಿಸುವ ಮಷಿನ್ ಒಂದು ರಿಪೋರ್ಟಿಗೆ ಕೆಂಪು ಗುರುತು ಹಾಕಿತು. ಬಿಳಿ ರಕ್ತಕಣಗಳ ಟೋಟಲ್ ಕೌಂಟ್ ಮೈಕ್ರೋಲೀಟರ್ ರಕ್ತಕ್ಕೆ 4,200. ಅದು ಸರಿಯಾಗೇ ಇದೆ. ಆದರೆ ಅದರಲ್ಲಿ ಲಿಂಫೋಸೈಟ್, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ಕಣ, ಬರೀ 9 ಪರ್ಸೆಂಟ್. ಇಂಥದ್ದನ್ನು ಮಷಿನ್ ಹೇಳಿದ್ದೇ ಸತ್ಯ ಅಂತ ನಾನು ಕಳಿಸಿಬಿಡುವುದಿಲ್ಲ. ಗಾಜಿನ ಮೇಲೆ ರಕ್ತದ ಸ್ಮಿಯರ್ ಎಳೆದು, ಲೀಶ್‌ಮನ್ ಸ್ಟೇನ್ ಅನ್ನೋ ಬಣ್ಣ ಹಾಕಿ, ಎಣ್ಣೆ ಹನಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನ್ಯೂಟ್ರೋಫಿಲ್ ಅನ್ನೋ ಇನ್ನೊಂದು ಬಗೆಯ ಬಿಳಿ ಕಣಗಳು ಎಲ್ಲಿ ನೋಡಿದರೂ ಇವೆ. ಲಿಂಫೋಸೈಟನ್ನು ಮಾತ್ರ ಹುಡುಕಬೇಕು. ಕಡುನೇರಳೆ ಗುಂಡು, ಸುತ್ತ ತೆಳ್ಳಗೆ ನೀಲಿ ಅಂಚು. ನೂರು ಕಣ ಎಣಿಸಿದರೆ ಸಿಕ್ಕಿದ್ದು ಒಂಬತ್ತೇ. 4,200ಕ್ಕೆ 9 ಪರ್ಸೆಂಟ್ ಅಂದರೆ 378. ದೊಡ್ಡವರಲ್ಲಿ ಇದು ಸಾವಿರದ ಮೇಲಿರಬೇಕು. 500ಕ್ಕಿಂತ ಕೆಳಗಿಳಿದರೆ ತೀವ್ರ ಕೊರತೆ ಅಂತಲೇ ಲೆಕ್ಕ.

ರಕ್ತ ಕೊಟ್ಟವರು ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದ ಹಿರಿಯರು. ಗದಗಿನಿಂದ ಬರುತ್ತಾರೆ. ಹಳೇ ಹೆಪಟೈಟಿಸ್ ಬಿ, ಅದರಿಂದ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗೋದು), ಅದರ ಮೇಲೆ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ. ಈಗ ಕರೆಂಟ್, ಅಂದರೆ ರೇಡಿಯೇಷನ್, ಕೊಡುತ್ತಿದ್ದಾರೆ. ರಿಪೋರ್ಟ್ ತಗೊಳ್ಳಲು ಬಂದವರು ನೇರವಾಗಿ ಕೇಳಿದರು: "ತಂಗಿ, ಕರೆಂಟ್ ಕೊಡೋದು ಲಿವರಿಗೆ. ರಕ್ತದಾಗ ಯಾಕ ಕಡಿಮಿ ಆಗತೈತಿ?"

ರಿಪೋರ್ಟ್ ನೋಡಿ ಮುಂದಿನದ್ದು ಹೇಳೋದು ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಪ್ರಶ್ನೆ ಎಷ್ಟು ಸರಿಯಾಗಿದೆ ಅಲ್ವಾ? ಸುಮ್ನೆ ಕಳಿಸಲು ಮನಸ್ಸಾಗಲಿಲ್ಲ.

"ಕಾಕಾ, ಹೃದಯ ಪಂಪ್ ಮಾಡೋ ರಕ್ತದಾಗ ಕಾಲು ಭಾಗ ಲಿವರ್ ಹಾದೇ ಹೋಗತೈತ್ರಿ. ನಿಮಿಷಕ್ಕ ಹೆಚ್ಚುಕಡಿಮಿ ಒಂದೂವರೆ ಲೀಟರ್" ಅಂದೆ. ಕರೆಂಟ್ ನಡೆಯುವಾಗ ಆ ರಕ್ತಕ್ಕೂ ಸ್ವಲ್ಪ ಸ್ವಲ್ಪ ಬೀಳುತ್ತದೆ. ಕೆಂಪು ಕಣಕ್ಕೆ ಅದು ಲೆಕ್ಕಕ್ಕಿಲ್ಲ, ಅದರೊಳಗೆ ನ್ಯೂಕ್ಲಿಯಸ್ಸೇ ಇಲ್ಲ. ಲಿಂಫೋಸೈಟ್ ಹಾಗಲ್ಲ. ಬೇರೆ ಎಷ್ಟೋ ಜೀವಕೋಶಗಳು ರೇಡಿಯೇಷನ್ ಬಿದ್ದರೂ ಮುಂದೆ ಒಡೆದು ಎರಡಾಗಲು ಹೋದಾಗ ಸಾಯುತ್ತವೆ. ಇದು ಅಷ್ಟೂ ಕಾಯುವುದಿಲ್ಲ, ಇದ್ದಲ್ಲೇ ಸಾಯುತ್ತದೆ. ಸುಮಾರು 2 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ) ಬಿದ್ದರೆ ಅರ್ಧದಷ್ಟು ಹೋಗುತ್ತವೆ. ಗಡ್ಡೆಗೆ ಕೊಡುವ ಡೋಸ್ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಲಿಂಫೋಸೈಟ್‌ಗಳಲ್ಲೂ ಬಗೆಗಳಿವೆ: ಬಿ ಕೋಶಗಳು ಬೇಗ ಹೋಗುತ್ತವೆ, ಎನ್‌ಕೆ ಕೋಶಗಳು ಸ್ವಲ್ಪ ಗಟ್ಟಿ.

ಕಾಕಾ ತಲೆ ಆಡಿಸಿದರು. "ಅಂದ್ರ ಹುಬ್ಬಳ್ಳಿ ಜಂಕ್ಷನ್ ಇದ್ದಂಗ. ಇಲ್ಲಿ ನಿಂತ ಗಾಡಿಗಷ್ಟ ಅಲ್ಲ, ಹಾದು ಹೋಗೋ ಗಾಡಿಗೂ ಪೆಟ್ಟು." ನನಗೆ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಇದರಿಂದಲೇ ಎಷ್ಟು ದಿನ ಕೊಡುತ್ತಾರೆ, ಎಷ್ಟು ಜಾಗಕ್ಕೆ ಕೊಡುತ್ತಾರೆ ಅನ್ನೋದು ಮುಖ್ಯವಾಗುತ್ತದೆ. ಐದಾರು ವಾರ ದಿನಾ ಕೊಟ್ಟರೆ ಪ್ರತಿ ದಿನವೂ ಹೊಸ ರಕ್ತ ಸಿಕ್ಕಿಬೀಳುತ್ತದೆ. ಎಸ್‌ಬಿಆರ್‌ಟಿ ಅನ್ನೋ ಇನ್ನೊಂದು ಬಗೆಯ ಕರೆಂಟಿನಲ್ಲಿ ಗಡ್ಡೆಗೆ ಗುರಿ ಇಟ್ಟು ಮೂರರಿಂದ ಐದೇ ಸಲ ಕೊಡುತ್ತಾರೆ. ಲಿಂಫೋಸೈಟ್ ಬೀಳೋದು ಅದರಲ್ಲಿ ಸಾಮಾನ್ಯವಾಗಿ ಕಡಿಮೆ. ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನಿಗೆ (ಗುಲ್ಮ) ಎಷ್ಟು ಬಿತ್ತು ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಇನ್ನು ಸಿರೋಸಿಸ್ ಇದ್ದವರಿಗೆ ಸ್ಪ್ಲೀನ್ ಮೊದಲೇ ಊದಿ ಕಣಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಹಾಗಾಗಿ ಕರೆಂಟ್ ಶುರುವಾಗುವ ಮುಂಚಿನ ರಿಪೋರ್ಟ್ ಪಕ್ಕದಲ್ಲಿಡದೆ ಈ 378ಕ್ಕೆ ಅರ್ಥವಿಲ್ಲ.

ನನ್ನನ್ನು ಜಾಸ್ತಿ ಕಾಡೋದು ಇನ್ನೊಂದು ವಿಷಯ. ಅದೇ ಕರೆಂಟಿನಿಂದ ಇಮ್ಯುನಿಟಿ ಎಚ್ಚರವೂ ಆಗುತ್ತದೆ. ಸಾಯುವ ಕ್ಯಾನ್ಸರ್ ಕೋಶ ಒಳಗಿದ್ದದ್ದನ್ನು ಹೊರಚೆಲ್ಲುತ್ತದೆ. ಕಾವಲು ಕಾಯುವ ಡೆಂಡ್ರಿಟಿಕ್ ಕೋಶಗಳು ಆ ತುಣುಕನ್ನು ಲಿಂಫ್ ಗಂಟಿಗೆ ಒಯ್ದು ಟಿ ಕೋಶಗಳಿಗೆ ಗುರುತು ಹಚ್ಚಿಸುತ್ತವೆ. ಕರೆಂಟ್ ಬೀಳದ ಜಾಗದಲ್ಲೂ ಪರಿಣಾಮ ಕಾಣಬಹುದು ಅನ್ನೋದಕ್ಕೆ ಆರ್. ಎಚ್. ಮೋಲ್ 1953ರಲ್ಲೇ ಅಬ್‌ಸ್ಕೋಪಲ್ ಅಂತ ಹೆಸರಿಟ್ಟರು. ಕರೆಂಟ್ ಒಂದರಿಂದಲೇ ಹಾಗಾಗೋದು ತೀರಾ ಅಪರೂಪ. ಅದಕ್ಕೇ ಈಗ ಇಮ್ಯುನೋಥೆರಪಿ (ಇಮ್ಯುನಿಟಿಯನ್ನೇ ಕ್ಯಾನ್ಸರ್ ವಿರುದ್ಧ ಹುರಿದುಂಬಿಸುವ ಔಷಧ) ಜೊತೆ ಸೇರಿಸಿ ನೋಡುತ್ತಿದ್ದಾರೆ. ಆದರೆ ಗುರುತು ಹಚ್ಚಿಸಿಕೊಳ್ಳಬೇಕಾದ ಟಿ ಕೋಶಗಳೂ ಈ ಲಿಂಫೋಸೈಟ್ ಲೆಕ್ಕದಲ್ಲೇ ಬರೋದು. ಅವೇ ಖಾಲಿಯಾದರೆ? ಚಿಕಿತ್ಸೆ ವೇಳೆ ಲಿಂಫೋಸೈಟ್ ತೀರಾ ಕುಸಿದವರ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ ಅಂತ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಇದಷ್ಟನ್ನು ಕಾಕಾಗೆ ಹೇಳಲಿಲ್ಲ.

ಹೇಳಿದ್ದು ಎರಡೇ. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಹೆಪಟೈಟಿಸ್ ಬಿ ಗುಳಿಗೆ ನೀವಾಗಿ ಬಿಡಬೇಡಿ, ಕರೆಂಟ್ ಕೊಡುವಾಗ ಆ ವೈರಸ್ ಮತ್ತೆ ತಲೆ ಎತ್ತಬಹುದು.

"ಪಪ್ಪಾಯಿ ಎಲಿ ರಸಾ ಕುಡೀರಿ, ಕೌಂಟ್ ಏರತೈತಿ ಅಂತ ಬೀಗರು ಹೇಳ್ಯಾರ" ಅಂದರು. ಜನ ಅದನ್ನು ಕುಡಿಯೋದು ಡೆಂಗಿಗೆ, ಪ್ಲೇಟ್ಲೆಟ್ ಸಲುವಾಗಿ. ಮೊದಲೇ ಸೋತ ಲಿವರಿಗೆ ಕಂಡಕಂಡ ರಸ, ಕಷಾಯ ಹಾಕೋದು ಬೇಡವೇ ಬೇಡ ಅಂದೆ. "ಆತು, ಬೀಗರಿಗೆ ಹೇಳತೇನಿ, ಅವರ ಕುಡೀಲಿ" ಅಂದು ರಿಪೋರ್ಟ್ ಚೀಲಕ್ಕೆ ಹಾಕಿಕೊಂಡರು.

ನಮ್ಮ ಲ್ಯಾಬಿನ ರಿಪೋರ್ಟಿನಲ್ಲಿ ಪರ್ಸೆಂಟ್ ಮಾತ್ರ ಪ್ರಿಂಟ್ ಆಗುತ್ತದೆ. 378ನ್ನು ಪೆನ್ನಿನಲ್ಲಿ ಬರೆದು ಸಹಿ ಹಾಕಿಸಿದೆ. ಸಾಫ್ಟ್‌ವೇರಿನವರಿಗೆ ಹೇಳಿ ಒಂದು ಸಾಲು ಸೇರಿಸಿ ಅಂತ ಓನರ್‌ಗೆ ಕೇಳಿದ್ದೇನೆ. ಯುಗಾದಿ ಆದಮೇಲೆ ನೋಡೋಣ ಅಂದಿದ್ದಾರೆ.